ನಾನೇ ಟೈಪ್ ಮಾಡಿದ ಅಪೀಲು

1997ರಲ್ಲಿ ನಾನು ಶಿವಮೊಗ್ಗದ ದುರ್ಗಿಗುಡಿಯಲ್ಲಿ ಒಂದು ಹಳೆಯ ಟೈಪ್‌ರೈಟರ್ ಇಟ್ಟುಕೊಂಡು ಕೋರ್ಟಿನ ಕಾಗದಗಳನ್ನು ಟೈಪ್ ಮಾಡಿಕೊಡುತ್ತಿದ್ದೆ. ಭದ್ರಾವತಿಯ ಓಲ್ಡ್ ಟೌನಿನಲ್ಲಿದ್ದ ನನ್ನ ತಂಗಿ ಶಾರದೆಯ ಗಂಡ ನಾಗರಾಜ ಲಾರಿ ಡ್ರೈವರ್. ಆಂಧ್ರದಿಂದ ಮೆಣಸಿನಕಾಯಿ ಮೂಟೆಗಳ ಅಡಿಯಲ್ಲಿ ಗಾಂಜಾ ತಂದು ಸಿಕ್ಕಿಬಿದ್ದಿದ್ದ. ತಪ್ಪೊಪ್ಪಿಕೊಂಡ. ಮೊದಲ ತಪ್ಪು, ಹೆಂಡತಿ ತುಂಬು ಗರ್ಭಿಣಿ ಎಂದು ಜಡ್ಜ್ ಕನಿಕರಪಟ್ಟು, ಅಲ್ಲಿಯವರೆಗೆ ಜೈಲಿನಲ್ಲಿದ್ದ ಏಳು ತಿಂಗಳೇ ಸಾಕೆಂದು ಬಿಟ್ಟರು. ನಾವೆಲ್ಲ ಕೋರ್ಟಿನ ಅಂಗಳದಲ್ಲೇ ಅತ್ತುಬಿಟ್ಟೆವು.

ತಿಂಗಳು ಕಳೆದಿರಬಹುದು. ಸರ್ಕಾರಿ ವಕೀಲರ ಗುಮಾಸ್ತರು ಒಂದು ಡ್ರಾಫ್ಟ್ ತಂದಿಟ್ಟು, "ಮೂರು ಕಾಪಿ ಮೇಡಂ, ಅರ್ಜೆಂಟು" ಎಂದರು. ನಮ್ಮ ಕೆಲಸವೇ ಹಾಗೆ, ಕಣ್ಣು ಅಕ್ಷರ ನೋಡುತ್ತದೆ, ಅರ್ಥ ನೋಡುವುದಿಲ್ಲ. ಎರಡು ಪುಟ ಹೊಡೆದು, ತಪ್ಪು ತಿದ್ದಲು ಓದುವಾಗಲೇ ಅರ್ಥ ತಲೆಗೆ ಹೋಯಿತು. ಶಿಕ್ಷೆ ತೀರಾ ಕಡಿಮೆಯಾಯಿತು, ಹೆಚ್ಚಿಸುವಂತೆ ಹೈಕೋರ್ಟಿಗೆ ಅಪೀಲು ಹೋಗಬೇಕು ಎಂದಿತ್ತು. ಆರೋಪಿ ನಮ್ಮ ನಾಗರಾಜ! ಇಂಥ ಮಾಲಿನಿಂದ ಹುಡುಗರು ಹಾಳಾಗುತ್ತಿದ್ದಾರೆ ಎಂದೂ ಬರೆದಿದ್ದರು. ಅದೇನು ಸುಳ್ಳೇ? ನಮ್ಮ ಬೀದಿಯಲ್ಲೇ ಅಂಥ ಒಬ್ಬನನ್ನು ಕಂಡಿದ್ದೆ.

"ಹೊರಗೆಲ್ಲೂ ಬಾಯಿ ಬಿಡಬೇಡಿ ಮತ್ತೆ" ಎಂದು ಗುಮಾಸ್ತರು ಎಂದಿನಂತೆ ಹೇಳಿ, ಕಾಗದ ತೆಗೆದುಕೊಂಡು ಹೋದರು.

ಆ ಭಾನುವಾರ ಶಾರದೆಯ ಮಗಳ ನಾಮಕರಣ. ಹೇಳಿಯೇ ಬಿಡಬೇಕು ಅಂದುಕೊಂಡೇ ಭದ್ರಾವತಿ ಬಸ್ಸು ಹತ್ತಿದೆ. ನಾಗರಾಜ ಮಗುವನ್ನು ತಂದು ನನ್ನ ಮಡಿಲಿಗೆ ಹಾಕಿ, "ಅಕ್ಕಾ, ಇನ್ನು ಸ್ಟೀರಿಂಗ್ ಮುಟ್ಟಲ್ಲ. ಇಲ್ಲೇ ಗ್ಯಾರೇಜಿಗೆ ಹೋಗ್ತೀನಿ" ಅಂದ. ಶಾರದೆ ಅಷ್ಟು ನಕ್ಕಿದ್ದನ್ನು ನಾನು ವರ್ಷದಿಂದ ನೋಡಿರಲಿಲ್ಲ. ಹಾಳಾದ್ದು, ಹೇಳದೆಯೇ ಊಟ ಮಾಡಿ ವಾಪಸ್ ಬಸ್ಸು ಹತ್ತಿದೆ. ಹೇಗೂ ನೋಟಿಸ್ ಬರುತ್ತದೆ, ನನ್ನ ಹತ್ತಿರವೇ ಓದಿಸಲು ತರುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ತಿಂಗಳುಗಟ್ಟಲೆ ಯಾರೂ ಏನೂ ತರದಿದ್ದಾಗ, ಅಪೀಲೇ ಹೋಗಿಲ್ಲವೇನೋ ಎಂದು ನಂಬಿ ಸುಮ್ಮನಾದೆ.

ಎರಡು ವರ್ಷದ ಮೇಲೆ ಪೊಲೀಸರು ನಾಗರಾಜನನ್ನು ಗ್ಯಾರೇಜಿನಿಂದಲೇ ಕರೆದೊಯ್ದರು. ಹೈಕೋರ್ಟು ನಾಲ್ಕು ವರ್ಷ ಶಿಕ್ಷೆ ಕೊಟ್ಟಿತ್ತು. ಶಾರದೆ ಒಂದು ಕಾಗದ ಹಿಡಿದು ನನ್ನಲ್ಲಿಗೆ ಓಡಿಬಂದಳು. "ಬಿಟ್ಟಿದೀವಿ ಅಂತ ಇದರಲ್ಲಿ ಬರೆದಿರ್ಬೇಕಲ್ಲ, ಓದಕ್ಕ!"

ಅದು ನಾನು ಕಾಯುತ್ತಿದ್ದ ಆ ಅಪೀಲಿನ ನೋಟಿಸ್, ಎಂದೋ ಬಂದಿದ್ದು. ಇಂಗ್ಲಿಷಿನಲ್ಲಿತ್ತು. ಹೈಕೋರ್ಟಿನ ಸೀಲು ನೋಡಿ ಕೇಸು ಮುಗಿದ ಕಾಗದವೆಂದುಕೊಂಡು, ಅರಿಶಿನ ಕುಂಕುಮ ಹಚ್ಚಿ ದೇವರ ಫೋಟೋದ ಮುಂದೆ ಇಟ್ಟುಬಿಟ್ಟಿದ್ದರು. ಬೆಂಗಳೂರಿನಲ್ಲಿ ನಮ್ಮ ಪರವಾಗಿ ಎರಡು ಮಾತಾಡಲು ಯಾರೂ ಹೋಗಿರಲಿಲ್ಲ.

ಅವತ್ತು ಎಲ್ಲವನ್ನೂ ಹೇಳಿದೆ. ಅವಳು ಕೂಗಾಡಲಿಲ್ಲ. "ತಪ್ಪು ಮಾಡಿದ್ರು, ಜೈಲಾಯ್ತು. ಅದಕ್ಕೆ ಯಾರ ಮೇಲೂ ಸಿಟ್ಟಿಲ್ಲ. ಆದ್ರೆ ನಿಂಗೆ ಗೊತ್ತಿತ್ತಲ್ಲಕ್ಕ" ಎಂದಳು.

ನಾಗರಾಜ ಶಿಕ್ಷೆ ಮುಗಿಸಿ ಬಂದ. ಶಾರದೆ ಈಗಲೂ ಹಬ್ಬಕ್ಕೆ ಕರೆಯುತ್ತಾಳೆ, ಕೂರಿಸಿ ಬಡಿಸುತ್ತಾಳೆ. ಏನು ಕೇಳಿದರೂ "ಎಲ್ಲಾ ಚೆನ್ನಾಗಿದೀವಿ" ಅನ್ನುತ್ತಾಳೆ, ಅಷ್ಟೇ. ಹೋದ ವರ್ಷ ಅವಳಿಗೆ ಹೊಟ್ಟೆಯ ಆಪರೇಷನ್ ಆಯಿತು. ನನಗದು ತಿಳಿದದ್ದು ಅವಳ ಪಕ್ಕದ ಮನೆಯವರಿಂದ, ಹೊಲಿಗೆ ಬಿಚ್ಚಿದ ಮೇಲೆ.