ಎರಡನೇ ಮಹಡಿಯ ಬಾಕ್ಸು

ಆ ಶನಿವಾರ ಬೆಳಿಗ್ಗೆ ನಮ್ಮನೆಯವರು ಎರಡು ರೊಟ್ಟಿ ತಿಂದರು. ಪಲ್ಯಕ್ಕೆ ಉಪ್ಪು ಕಮ್ಮಿ ಅಂದರು. ಏಣಿ ಹೆಗಲಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿದರು. ವಿಶೇಷ ಏನೂ ಇಲ್ಲ. ಅಂಥ ದಿನ ಮತ್ತೆ ಬರಲಿಲ್ಲ.

ಅವರ ಹೆಸರು ಕಲ್ಲೇಶಪ್ಪ. ಇಪ್ಪತ್ತಾರು ವರ್ಷ ನಾನು ಬಾಯಿಬಿಟ್ಟು ಆ ಹೆಸರು ಹೇಳಿದೋಳಲ್ಲ, 'ರೀ' ಅಂತಲೇ ಕರೆದೆ. ಬರೆಯಾಕೆ ಅಡ್ಡಿ ಇಲ್ಲ ಅಂತ ಬರೀತಿದೀನಿ. ಜಗಳೂರು ಕಡೆಯವರು. ಚನ್ನಗಿರಿಗೆ ಬಂದಿದ್ದು ಟಿವಿ ಕೇಬಲ್ ಎಳೆಯಾಕೆ. ಕಂಬ ಹತ್ತಿ ಹತ್ತಿ ಮೊಣಕಾಲು ಹೋದ ಮೇಲೆ ಅಡಿಕೆ ವ್ಯಾಪಾರದ ಮಹೇಶ್ವರಪ್ಪನವರ ಬಿಲ್ಡಿಂಗಿಗೆ ಸೇರಿಕೊಂಡರು. ಕೆಳಗೆ ಗೊಬ್ಬರದ ಅಂಗಡಿ, ಮೇಲೆ ನಾಲ್ಕು ಮಹಡಿ ಬಾಡಿಗೆ ಮನೆ. ನೀರಿನ ಮೋಟರು, ಬಲ್ಬು, ನಲ್ಲಿ, ವೈಫೈ ಎಲ್ಲ ಅವರೇ ನೋಡೋರು. ಮೆಟ್ಟಿಲು ಗುಡಿಸಿ ಒರೆಸೋದು ನಾನು. ಅಂಗಡಿ ಹಿಂದೆ ಒಂದು ರೂಮು ನಮಗೆ. ಮಕ್ಕಳಿಲ್ಲ.

ವೈಫೈ ಬಾಕ್ಸು ಇದ್ದಿದ್ದು ನಾಲ್ಕನೇ ಮಹಡಿಯಲ್ಲಿ. ಅಲ್ಲಿ ಓಡ್ತಿತ್ತು, ಮೂರರಲ್ಲಿ ತೆವಳ್ತಿತ್ತು, ಅದರ ಕೆಳಗೆ ಸತ್ತಂಗೆ. ನಮ್ಮ ರೂಮಿಗೆ ವೈಫೈಯೂ ಇಲ್ಲ, ಫೋನಿನ ಟವರೂ ಇಲ್ಲ. ನಾನು ಬೇಕಾದರೆ ಮೆಟ್ಟಿಲ ಸಂದಿಯಲ್ಲಿ ಬಗ್ಗಿ ಕೂಗೋರು.

ಮಹಡಿಗೊಂದು ಬಾಕ್ಸು ಹಾಕ್ಸಿ ಅಂತ ನಮ್ಮನೆಯವರು ವರ್ಷವಿಡೀ ಕೇಳಿದರು.

"ಟ್ಯಾಂಕಿನ ನೀರು ಮೇಲಿಂದ ತಾನೇ ಇಳಿತೈತೆ, ಇದಕ್ಕೇನೋ ರೋಗ?" ಅಂದರು ಮಹೇಶ್ವರಪ್ಪನವರು.

"ನೀರಿಗೆ ಪೈಪ್ ಐತೆ ಸಾವ್ಕಾರ್ರೆ. ಇದು ಸ್ಲ್ಯಾಬ್ ದಾಟಿ ಬರಬೇಕು. ಒಳಗಿನ ಕಬ್ಬಿಣ ಎಲ್ಲ ನುಂಗಿಬಿಡುತ್ತೆ."

ಕೊನೆಗೆ ಒಂದೇ ಒಂದು ಬಾಕ್ಸು ಕೊಡಿಸಿದರು. ಎಲ್ಲಿ ಹಾಕೋದು ಅಂತ ಹುಡುಕೋ ಕೆಲಸ ಶುರುವಾಯಿತು. ಫೋನಿನ ಮೂಲೆಯಲ್ಲಿ ಗೆರೆ ಇರ್ತಾವಲ್ಲ, ಅವಕ್ಕೆ ನಾವು ಕಡ್ಡಿ ಅಂತೀವಿ. ಅವರು ಬಾಕ್ಸು ಹಿಡಿದು ಒಂದು ಕಡೆ ನಿಲ್ಲೋರು. ನಾನು ಫೋನು ಹಿಡಿದು ಮಹಡಿ ಮಹಡಿ ತಿರುಗೋಳು.

"ಎಷ್ಟು ಕಡ್ಡಿ?"

"ಎರಡು!"

"ಆ ಬೀರು ಹಿಂದಕ್ಕೆ ಹೋಗು. ಈಗ?"

"ಒಂದೂ ಇಲ್ಲ ರೀ!"

"ಕಬ್ಬಿಣದ ಬೀರು ಕಣೇ ಅದು, ನಿಮ್ಮಪ್ಪನಂಗೆ. ಏನೂ ದಾಟಕ್ಕೆ ಬಿಡಲ್ಲ."

ನಾನು ನಗೋಳು. ನಾಲ್ಕನೇ ಕ್ಲಾಸು ಓದಿದ ನನಗೆ ಅವರ ಕೆಲಸದಲ್ಲಿ ಕೈಜೋಡಿಸಾಕೆ ಬರ್ತಿದ್ದುದು ಅದೊಂದೇ. ಕಡ್ಡಿ ಎಣಿಸೋದು.

ಎರಡನೇ ಮಹಡಿಯಲ್ಲಿ ರಮ್ಯಶ್ರೀ ಅಂತ ಇದಾಳೆ. ಕಾಲೇಜಲ್ಲಿ ಪಾಠ ಹೇಳ್ತಾಳೆ. ಮೂವತ್ತು ವರ್ಷ ಇರಬಹುದು. ಗಂಡನಿಗೆ ಹೊನ್ನಾಳಿಯಲ್ಲಿ ಅಂಗಡಿ. ಆ ಶನಿವಾರ ಅವಳು ತನ್ನ ಫೋನು ಹಿಡಿದು ಮೆಟ್ಟಿಲಿಗೆ ಬಂದಳು.

"ಕಲ್ಲೇಶಣ್ಣ, ಕಡ್ಡಿ ನಂಬಬೇಡಿ. ಇದರಲ್ಲಿ ನಂಬರೇ ಬರುತ್ತೆ ನೋಡಿ. ಮೈನಸ್ ಎಂಬತ್ತು. ಅರವತ್ತಕ್ಕೆ ಬಂದರೆ ಚೆನ್ನಾಗಿರುತ್ತೆ."

ಎಂಬತ್ತಕ್ಕಿಂತ ಅರವತ್ತು ಒಳ್ಳೇದಂತೆ. ಎಲ್ಲಿಯ ಲೆಕ್ಕವೋ. ಇವರ ಕಣ್ಣು ಅರಳಿತು. "ಮೇಡಂ, ಇಲ್ಲಿ ಎಷ್ಟು? ಇಲ್ಲಿ ಎಷ್ಟು?" ಅಂತ ಅವಳ ಹಿಂದೆಯೇ ತಿರುಗಿದರು. ನಾನು ಫೋನು ಹಿಡಿದು ನಿಂತೇ ಇದ್ದೆ. ಆಮೇಲೆ ಯಾರೂ ನನ್ನನ್ನ ಕೇಳಲಿಲ್ಲ.

ನನ್ನ ಹೊಟ್ಟೆ ಉರಿಯಿತು. ಅವಳ ನಡತೆಗಲ್ಲ, ಅವಳು ಒಳ್ಳೇಳೇ. ಇಪ್ಪತ್ತಾರು ವರ್ಷ ನನ್ನ ನಾಲಿಗೆಗೆ ಬರದ ಹೆಸರನ್ನ ಅವಳು ಬಾಯಿ ತುಂಬ ಕರೆದಳು. ನನ್ನ ಕಡ್ಡಿನೂ ಕಿತ್ತುಕೊಂಡಳು.

ಭಾನುವಾರ ಬೆಳಿಗ್ಗೆ ಅವರು ಅಂದರು, "ಜಾಗ ಸಿಕ್ತು. ಮೇಡಂ ಮನೆ ಬಾಗಿಲ ಮೇಲೆ, ಒಳಗಡೆ. ಅಲ್ಲಿಂದ ಸಿಗ್ನಲ್ ಮೆಟ್ಟಿಲ ಸಂದಿಗೆ ಬಿದ್ದರೆ ಸೀದಾ ಕೆಳಗೆ ಇಳಿಯುತ್ತೆ, ಸಂದಿಗೆ ಸ್ಲ್ಯಾಬ್ ಇಲ್ಲ. ನೀನು ಫೋನ್ ಹಿಡಿದು ಮೆಟ್ಟಿಲ ಬುಡದಲ್ಲಿ ನಿಲ್ಲು."

"ನಿಮ್ಮ ಮೇಡಂನ ನಿಲ್ಲಿಸ್ಕೊಳ್ಳಿ. ನನಗೆ ನಂಬರ್ ಓದಾಕೆ ಬರಲ್ಲ."

"ಅಯ್ಯೋ, ಕಡ್ಡಿ ಎಣಿಸೋರು ಬೇಕಲ್ಲೇ."

"ಪೊರಕೆ ಕಡ್ಡಿ ಎಣಿಸ್ಕೊಳ್ಳಿ ಹೋಗ್ರಿ."

ನಗ್ತಾ ಹತ್ತಿದರು. ನಾನು ಒಳಗೆ ಕೂತು ಬೆಳ್ಳುಳ್ಳಿ ಸುಲಿದೆ. ಮೇಲೆ ಡ್ರಿಲ್ ಸದ್ದು ಕೇಳಿಸ್ತು. ನಿಂತಿತು. ಸ್ವಲ್ಪ ಹೊತ್ತಿಗೆ ಮೆಟ್ಟಿಲ ಸಂದಿಯಿಂದ ದನಿ ಇಳಿದು ಬಂತು.

"ಅಕ್ಕಾ!"

ಅವಳ ದನಿ. ನಂಬರ್ ಹೇಳಿ ಮೆರೆಯಾಕೆ ಕರೀತಾಳೆ ಅಂದುಕೊಂಡೆ. ಏಳಲಿಲ್ಲ.

"ಅಕ್ಕಾ! ಹೊನ್ನೂರಕ್ಕಾ!"

ಎದ್ದು ಮಿಕ್ಸಿ ಹಾಕಿದೆ. ಶೇಂಗಾ ಚಟ್ನಿಪುಡಿ. ನುಣ್ಣಗಾದರೂ ನಿಲ್ಲಿಸಲಿಲ್ಲ.

ಮೊದಲನೇ ಮಹಡಿಯ ತಿಪ್ಪಮ್ಮ ಬಂದು ಬಾಗಿಲು ಬಡಿದಳು. ಹತ್ತಿ ಹೋದೆ. ಏಣಿ ಒರಗಿತ್ತು. ಬಾಗಿಲ ಮೇಲೆ ಬಾಕ್ಸು ಕೂತಿತ್ತು, ಹಸಿರು ದೀಪ ಉರೀತಿತ್ತು. ಅವರ ತಲೆ ರಮ್ಯಶ್ರೀ ತೊಡೆ ಮೇಲಿತ್ತು. ಪಕ್ಕದಲ್ಲಿ ಸ್ಟೀಲಿನ ಲೋಟ. ಅವರ ಗದ್ದ ಒದ್ದೆ. ಜೀವ ಇರಲಿಲ್ಲ.

ಆ ಹೊತ್ತಿನಲ್ಲೂ ನನ್ನ ಕಣ್ಣಿಗೆ ಮೊದಲು ಬಿದ್ದಿದ್ದು ಲೋಟ.

ಹಾರ್ಟ್ ಅಂದರು ಡಾಕ್ಟರು. ಯಾರು ಬಂದಿದ್ದರೂ ಉಳೀತಿರಲಿಲ್ಲ ಅಂದರು. ಇರಲಿ. ಬಾಯಿಗೆ ನೀರು ಬಿಡೋದಿತ್ತಲ್ಲ. ಅದಕ್ಕೆ ಅವರಿಗೆ ಇದ್ದೋಳು ನಾನೊಬ್ಬಳೇ.

"ಆರು ಸಲ ಫೋನ್ ಮಾಡ್ದೆ ಅಕ್ಕ, ಹೋಗ್ಲೇ ಇಲ್ಲ. ಕೂಗ್ದೆ. ಕೇಳಿಸ್ಲಿಲ್ವಾ?" ಅಂತ ಅತ್ತಳು ಅವಳು.

"ಮಿಕ್ಸಿ ಹಾಕಿದ್ದೆ," ಅಂದೆ.

ಬಂದೋರೆಲ್ಲ ನೆಟ್‌ವರ್ಕಿಗೇ ಬೈದರು. ಮಹೇಶ್ವರಪ್ಪನವರು ಕಣ್ಣೊರೆಸಿಕೊಂಡರು. "ಅವನು ಬಾಯಿ ಬಡ್ಕೊಂಡ, ನಾನು ಕೇಳ್ಲಿಲ್ಲ. ಫೋನ್ ಹೋಗಿದ್ರೆ ನೀನು ಬಂದಿರ್ತಿದ್ದೆ." ತಿಥಿ ಮುಗಿದ ವಾರಕ್ಕೆ ದಾವಣಗೆರೆಯಿಂದ ಜನ ಕರೆಸಿದರು. ನಾಲ್ಕನೇ ಮಹಡಿಯಿಂದ ಕೆಳಗಿನವರೆಗೆ ಪೈಪಿನಲ್ಲಿ ವೈರು ಇಳಿಸಿ ಮಹಡಿಗೊಂದು ಬಾಕ್ಸು ಹಾಕಿಸಿದರು. ನಮ್ಮನೆಯವರು ಕೇಳಿದ್ದು ಇದನ್ನೇ. ಈಗ ನನ್ನ ಒಲೆ ಹತ್ತಿರ ಪೂರ್ತಿ ಕಡ್ಡಿ. ನನಗೆ ಫೋನ್ ಮಾಡೋರು ಯಾರೂ ಇಲ್ಲ.

ಎರಡನೇ ಮಹಡಿಯ ಬಾಕ್ಸು ಮಾತ್ರ ಕೀಳಬೇಡಿ ಅಂದೆ. ಅದು ಅವರು ಹೊಡೆದ ಮೊಳೆ. ಅದೂ ಅವಳ ಬಾಗಿಲ ಒಳಗೇ ಉಳಿಯಿತು.

ಎರಡು ತಿಂಗಳಾದ ಮೇಲೆ ಅವಳನ್ನ ಕೇಳಿದೆ. "ಕೊನೆಗೆ ಏನಂದರು?"

ಅವಳು ತಡವರಿಸಿದಳು. "ನಂಬರ್ ಎಷ್ಟು ಮೇಡಂ ಅಂದ್ರು. ಐವತ್ತೆಂಟು ಅಂದೆ. ಚಲೋ ಆತು ಅಂದ್ರು. ಹಂಗೇ ಕೂತ್ರು."

ಆ ಒಳ್ಳೆ ನಂಬರು ಅವಳ ಬಾಯಿಂದ ಕೇಳಿ ಖುಷಿಪಟ್ಟು ಹೋದರು. ಕೊನೆ ಮಾತು ಅವಳಿಗೆ. ಕೊನೆ ನೀರು ಅವಳದು. ನನ್ನ ಹತ್ತಿರ ಏನೈತೆ?

ಅವಳೇ ಮುಂದುವರಿಸಿದಳು. "ನನ್ನದೇ ತಪ್ಪು ಅಕ್ಕ. ಫೋನ್ ಒತ್ತುತ್ತಾ ಕೂತೆ. ಓಡಿ ಬಂದು ಕರೀಬೇಕಿತ್ತು. ನಿದ್ದೆನೇ ಬರಲ್ಲ." ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು.

ಆ ತಪ್ಪೂ ಅವಳಿಗೇ ಬೇಕಾ? ಅದು ನನ್ನದು.

"ಕೇಳಿಸ್ತು," ಅಂದೆ.

"ಏನು?"

"ನೀನು ಎರಡು ಸಲ ಕೂಗಿದ್ದು. ಆಮೇಲೆ ಮಿಕ್ಸಿ ಹಾಕಿದೆ."

ಅವಳು ನನ್ನ ಮುಖ ನೋಡಿದಳು. ಬಾಗಿಲು ಹಾಕಿಕೊಂಡಳು.

ಬಾಕ್ಸನ್ನ ದಿನಾ ಬೆಳಿಗ್ಗೆ ಒಂದು ಸಲ ಆರಿಸಿ, ಹತ್ತು ಎಣಿಸಿ, ಹಾಕಬೇಕು. ಮನುಷ್ಯರಂಗೆ ಅದೂ ಮುಖ ತೊಳೀಬೇಕು ಕಣೇ ಅನ್ನೋರು ನಮ್ಮನೆಯವರು. ಅವರು ಹೋದಾಗಿಂದ ಅದನ್ನ ನಾನು ಮಾಡ್ತೀನಿ. "ನಮ್ಮನೇದು ನಾನೇ ಮಾಡ್ತೀನಿ ಬಿಡಿ ಅಕ್ಕ" ಅಂತ ರಮ್ಯಶ್ರೀ ಮೊದಲೇ ಅಂದಿದ್ದಳು. ಬ್ಯಾಡ ಅಂದಿದ್ದೆ.

ಮಾರನೇ ದಿನ ಆರೂವರೆಗೆ ಬೆಲ್ ಒತ್ತಿದೆ. ತೆಗೆಯಲ್ಲ ಅಂದುಕೊಂಡಿದ್ದೆ. ತೆಗೆದಳು. ಬನ್ನಿ ಅಕ್ಕ ಅನ್ನಲಿಲ್ಲ. ಪಕ್ಕಕ್ಕೆ ಸರಿದು ಸ್ಟೂಲು ಎಳೆದು ಕೊಟ್ಟಳು.

ಈಗಲೂ ಹಂಗೇ. ಮೇಲಿಂದ ಗುಡಿಸಿಕೊಂಡು, ಬಾಕ್ಸು ಆರಿಸಿ ಹಾಕಿಕೊಂಡು ಇಳಿದು ಬರ್ತೀನಿ. ಎರಡನೇ ಮಹಡಿಯಲ್ಲಿ ಪೊರಕೆ ಹೊರಗೆ ಇಟ್ಟು ಒಳಗೆ ಹೋಗ್ತೀನಿ. ಸ್ಟೂಲು ಹತ್ತಿ ಧೂಳು ಒರೆಸ್ತೀನಿ. ಸ್ವಿಚ್ ಆರಿಸ್ತೀನಿ. ಅವಳು ಒಲೆ ಮುಂದೆ ಬೆನ್ನು ಹಾಕಿ ನಿಂತಿರ್ತಾಳೆ. ನಾನು ಗಟ್ಟಿಯಾಗಿ ಹತ್ತರವರೆಗೆ ಎಣಿಸ್ತೀನಿ, ಅವಳಿಗೆ ಕೇಳೋ ಹಂಗೆ. ಆಮೇಲೆ ಹಾಕ್ತೀನಿ. ಹಸಿರು ದೀಪ ಬರೋವರೆಗೆ ಇಳಿಯಲ್ಲ.