ಫೋನಿನಲ್ಲಿ ನೋಡಿದ ನಾಲಿಗೆ

ಹಲ್ಲಿನ ಡಾಕ್ಟರಿಕೆ ಓದುತ್ತಿದ್ದ ಕೊನೆಯ ವರ್ಷ ನಮ್ಮ ಕ್ಲಾಸಿಗೆ ಒಂದು ಪ್ರಶ್ನಾವಳಿ ಹಂಚಿದರು. ರೋಗಿಯನ್ನು ಫೋನಿನಲ್ಲೇ ನೋಡಿ ಸಲಹೆ ಕೊಡುವ ಪದ್ಧತಿ ನಿಮಗೆ ಗೊತ್ತೆ, ಅದರಲ್ಲಿ ನಂಬಿಕೆಯಿದೆಯೆ ಅಂತ. ಎಲ್ಲರಿಗೂ ಕ್ಯಾಂಟೀನಿಗೆ ಹೋಗುವ ಆತುರ. ಫೋಟೊ ನೋಡಿ ಬಾಯಿಹುಣ್ಣು ಗುರುತಿಸಬಹುದೇ ಎಂಬುದಕ್ಕೆ ಪಕ್ಕದವಳು ‘ಗೊತ್ತಿಲ್ಲ’ ಎಂದು ಗುರುತು ಹಾಕಿದಳು. ನಾನು ನಕ್ಕೆ. “ಹಳ್ಳಿಯವಳು ಕಣೇ ನಾನು, ನಮ್ಮೋರಿಗೆ ಇನ್ಮೇಲೆ ಇದೇ ಗತಿ” ಅಂದು ‘ಸಂಪೂರ್ಣ ಒಪ್ಪುತ್ತೇನೆ’ಗೆ ಗುರುತು ಹಾಕಿದೆ. ಎಂಥಾ ಜಂಬ ನನ್ನದು!

ಆ ತಿಂಗಳಲ್ಲೇ ಬಿಳಿಗೆರೆ ಹತ್ತಿರದ ನಮ್ಮೂರಿಂದ ದೊಡ್ಡಮ್ಮ ವಿಡಿಯೋ ಕಾಲ್ ಮಾಡಿದಳು. ದೊಡ್ಡಪ್ಪನ ನಾಲಿಗೆಯ ಅಂಚಿನಲ್ಲಿ ಹುಣ್ಣು, ಖಾರ ತಾಕಿದರೆ ಉರಿ. ಅಪ್ಪ ಹೋದಮೇಲೆ ನನ್ನನ್ನು ಓದಿಸಿದವನು ಅವನೇ. ಎಲೆಅಡಿಕೆ, ಹೊಗೆಸೊಪ್ಪು ಇಲ್ಲದ ಅವನ ಬಾಯನ್ನು ನಾನು ಕಂಡಿರಲಿಲ್ಲ. ಆದರೆ ಡಾಕ್ಟರಿಗೆ ಗಲೀಜು ಬಾಯಿ ತೋರಿಸಬಾರದೆಂದು ಅವತ್ತು ತಿಕ್ಕಿ ತೊಳೆದು, ಹುಣ್ಣಿನ ಮೇಲೆ ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಅರಿಶಿನ ಬಳಿದುಕೊಂಡು ಕೂತಿದ್ದ. ಪರದೆಯಲ್ಲಿ ನಾಲಿಗೆ ಹಳದಿಯಾಗಿ ಮಿನುಗುತ್ತಿತ್ತು. ಹುಣ್ಣಿನ ಅಂಚು ಕಾಣಲೇ ಇಲ್ಲ. ಒರೆಸಿ ತೋರಿಸು ಅನ್ನಲು ನನಗೇನು ಧಾಡಿಯಾಗಿತ್ತೋ!

“ಚೂಪು ಹಲ್ಲು ತಾಕಿ ತಾಕಿ ಆಗಿರೋದು ದೊಡ್ಡಪ್ಪ. ಮುಲಾಮಿನ ಹೆಸರು ಕಳಿಸ್ತೀನಿ, ಹಚ್ಕೋ.”

“ಬಂದು ತೋರುಸ್ಲೇನವ್ವಾ? ಕಾಯಿ ಸುಲಿಯೋರು ಬತ್ತಾರೆ, ಆದ್ರೂ ಒಂದಿನ ಬುಟ್ಟು ಬತ್ತೀನಿ.”

“ಅಷ್ಟಕ್ಕೆಲ್ಲ ಬರೋದು ಬೇಡ ಬುಡು. ನಾನು ನೋಡಿದ್ನಲ್ಲ.”

ಅಟ್ಟದಿಂದ ಇಳಿಸಿದ ತೆಂಗಿನಕಾಯಿಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಕೊಬ್ಬರಿ ಲೊಡಲೊಡ ಅಂದರೆ ಮಾತ್ರ ಸುಲಿಸುವ ಮನುಷ್ಯ ಅವನು. ಕೈಯಲ್ಲಿ ಹಿಡಿಯದೆ ಒಂದು ಕಾಯಿಯನ್ನೂ ನಂಬದವನು ನನ್ನನ್ನು ನಂಬಿದ. ಹುಣ್ಣಿನ ಬುಡ ಗಟ್ಟಿಯಿದೆಯೆ ಎಂದು ಬೆರಳಿಟ್ಟು ನೋಡಬೇಕು, ಎರಡು ವಾರದಲ್ಲಿ ಮಾಯದಿದ್ದರೆ ಬಿಡಬಾರದು ಎಂದು ಪರೀಕ್ಷೆಯಲ್ಲಿ ಬರೆದು ಅಂಕ ತಗೊಂಡವಳು ನಾನು. ಅವನಿಗೆ ಮಾತ್ರ ಹೇಳಲಿಲ್ಲ. ಪರೀಕ್ಷೆ, ಇಂಟರ್ನ್‌ಷಿಪ್ ಅಂತ ಮತ್ತೆ ವಿಚಾರಿಸಲೂ ಇಲ್ಲ. ಅವನು ಐದು ತಿಂಗಳು ಮುಲಾಮು ಹಚ್ಚಿದ.

ಕತ್ತಿನಲ್ಲಿ ಗಂಟೆದ್ದ ಮೇಲೆ ದೊಡ್ಡಮ್ಮ ಅವನನ್ನು ನಮ್ಮ ಕಾಲೇಜಿನ ಆಸ್ಪತ್ರೆಗೇ ಕರಕೊಂಡು ಬಂದಳು. ನನಗೆ ಪಾಠ ಮಾಡಿದ ಸರ್ ಕೈಗವಸು ಹಾಕಿ ನಾಲಿಗೆ ಮುಟ್ಟಿದರು. ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರೇ. ಅರ್ಧ ನಾಲಿಗೆ ತೆಗೆಯಬೇಕು ಅಂದರು.

“ಇಷ್ಟು ದಿನ ಯಾರಿಗೂ ತೋರಿಸಲಿಲ್ವೇನ್ರೀ?” ಸರ್ ರೇಗಿದರು. ನಾನು ಬಿಳಿ ಕೋಟು ಹಾಕಿಕೊಂಡು ಅವರ ಪಕ್ಕದಲ್ಲೇ ನಿಂತಿದ್ದೆ. ದೊಡ್ಡಮ್ಮ ನನ್ನ ಕಡೆ ತಿರುಗಿ ಏನೋ ಹೇಳಲು ಹೋದಳು. ದೊಡ್ಡಪ್ಪ ಅವಳ ಕೈ ಅದುಮಿದ.

“ಇಲ್ಲ ಸಾ,” ಅಂದ, ಊದಿದ ನಾಲಿಗೆಯಲ್ಲಿ ತಡವರಿಸುತ್ತ. “ನಾನೇ ಉದಾಸೀನ ಮಾಡ್ದೆ. ಯಾರ್ಗೂ ತೋರುಸ್ನಿಲ್ಲ.”

ಸರ್ ಅವನನ್ನೇ ಬೈದರು. ಅವನು ಹೇಳಿದ್ದನ್ನೇ ನಾನು ಕೇಸ್ ಪೇಪರಿನಲ್ಲಿ ಬರೆದುಕೊಂಡೆ. ಇವತ್ತಿಗೂ ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ. ಥೂ, ನನ್ನ ಓದಿಗಿಷ್ಟು!

ಆಪರೇಷನ್ ಆಗಿ ವರ್ಷವಾಯಿತು. ಅವನ ಮಾತು ಈಗ ದೊಡ್ಡಮ್ಮನಿಗೊಬ್ಬಳಿಗೇ ತಿಳಿಯುವುದು. ಊರಿಗೆ ಹೋದಾಗಲೆಲ್ಲ ಪಕ್ಕದಲ್ಲಿ ಕೂರಿಸಿಕೊಂಡು ನನಗೆ ಏನೋ ಹೇಳುತ್ತಾನೆ. ಒಂದಕ್ಷರವೂ ಅರ್ಥವಾಗುವುದಿಲ್ಲ. ಹೂಂ ದೊಡ್ಡಪ್ಪ, ಅನ್ನುತ್ತೇನೆ.