ಸೊನ್ನೆ ಎಂದರೆ ಎಷ್ಟು ಹೊತ್ತು

ತೊಂಬತ್ತರ ದಶಕದ ಕೊನೆಯಲ್ಲಿ ನಾನೂ ನನ್ನ ಕಾಲೇಜಿನ ಗೆಳತಿಯೂ ಸೇರಿ ರಾಣೆಬೆನ್ನೂರಿನ ಬಸ್ ಸ್ಟ್ಯಾಂಡಿನ ಹಿಂದೆ, ಬೀಜದ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದೆವು. ಯಂತ್ರ ಜೋಡಿಸುವುದು, ತಂತಿ ಎಳೆಯುವುದು ನನ್ನ ಪಾಲು. ಪ್ರೋಗ್ರಾಂ ಬರೆಯುವುದು ಅವಳ ಪಾಲು. ಮದುವೆ ಪತ್ರಿಕೆ ಟೈಪ್ ಮಾಡುತ್ತ ದಿನ ದೂಡುತ್ತಿದ್ದ ನಮಗೆ ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನ ಕೆಲಸ ಸಿಕ್ಕಿತು.

ಮೆಣಸಿನಕಾಯಿ ಚೀಲಗಳನ್ನು ತಣ್ಣಗಿಡುವ ಆ ಯಂತ್ರಗಳು ನಡೆಯುತ್ತಿದ್ದದ್ದು ಅಮೋನಿಯಾ ಗ್ಯಾಸಿನಿಂದ. ಅದು ಸೋರಿದರೆ ಮನುಷ್ಯ ಉಳಿಯುವುದು ಕಷ್ಟ. ಯಂತ್ರದ ಕೋಣೆ ಅಂಗಳದ ಆ ತುದಿಗೆ, ಆಫೀಸು ಈ ತುದಿಗೆ. ಅಲ್ಲಿ ಗ್ಯಾಸನ್ನು ಪತ್ತೆಹಚ್ಚುವ ಪೆಟ್ಟಿಗೆಗೆ ಒಂದು ಕಂಪ್ಯೂಟರ್ ಜೋಡಿಸಿ, ಅದರ ಸುದ್ದಿ ಆಫೀಸಿನ ಕಂಪ್ಯೂಟರಿನಲ್ಲಿ ಕಾಣುವಂತೆ, ಗ್ಯಾಸು ಸೋರಿದರೆ ಗಂಟೆ ಹೊಡೆಯುವಂತೆ ಮಾಡಬೇಕಿತ್ತು.

ಯಂತ್ರ ನೋಡಿಕೊಳ್ಳುವವರನ್ನು ನಾವು ಚಾಚಾ ಎನ್ನುತ್ತಿದ್ದೆವು. ಮೆಣಸಿನಕಾಯಿಯ ಘಾಟಿನಲ್ಲೇ ವಯಸ್ಸು ಕಳೆದವರು. “ನಿಮ್ಮ ಪೆಟಗಿ ಛಲೋ ಆತು ನೋಡ್ರಿ ಬೇಟಿ. ನನ್ನ ಮೂಗು ಸತ್ತು ಎಷ್ಟೋ ವರ್ಸ ಆತು,” ಎಂದು ನಕ್ಕಿದ್ದರು.

ಎರಡು ಕಂಪ್ಯೂಟರುಗಳು ಮಾತಾಡುವ ದಾರಿಗೆ ಸಾಕೆಟ್ ಎನ್ನುತ್ತಾರೆ. ಅವಳು ಬರೆಯುತ್ತಿದ್ದದ್ದು ಆಗ ಹೊಸದಾಗಿದ್ದ ಜಾವಾ ಭಾಷೆಯಲ್ಲಿ. ಆ ಭಾಷೆಯ ಜೊತೆಗೇ ಬರುವ ಲೈಬ್ರರಿಯಲ್ಲಿ, ಸಾಕೆಟ್ಟು ಆ ಕಡೆಯ ಸುದ್ದಿಗಾಗಿ ಎಷ್ಟು ಹೊತ್ತು ಕಾಯಬೇಕು ಎಂದು ಗೊತ್ತುಮಾಡಬಹುದಿತ್ತು. ಅವಳು ಐದು ಸೆಕೆಂಡು ಎಂದು ಬರೆದಳು. ಅಷ್ಟರೊಳಗೆ ಸುದ್ದಿ ಬರದಿದ್ದರೆ ಕಾಯುವುದನ್ನು ಬಿಟ್ಟು ಗಂಟೆ ಹೊಡೆಯಬೇಕು. ಆ ಕಡೆ ಸುಮ್ಮನಾಯಿತು ಅಂದರೆ ಏನೋ ಕೆಟ್ಟಿದೆ ಎಂದೇ ತಿಳಿಯಬೇಕು ಎನ್ನುವುದು ಅವಳ ಹಟ.

ಸುಗ್ಗಿ ಶುರುವಾಯಿತು. ಚೀಲದ ಗಾಡಿಗಳು ಅಂಗಳದಲ್ಲಿ ಓಡಾಡಿ ನಾನು ಎಳೆದಿದ್ದ ತಂತಿಯ ಜೋಡಣೆ ಮತ್ತೆ ಮತ್ತೆ ಸಡಿಲವಾಗತೊಡಗಿತು. ಗಂಟೆ ಸುಮ್ಮಸುಮ್ಮನೆ ಹೊಡೆಯತೊಡಗಿತು. ಹಮಾಲರು ಚೀಲ ಎಸೆದು ಹೊರಗೆ ಓಡುವರು, ಏನೂ ಆಗಿರುವುದಿಲ್ಲ. ಕೋಲ್ಡ್ ಸ್ಟೋರೇಜಿನ ಸಾವ್ಕಾರ ನಮ್ಮನ್ನು ಕರೆಸಿದ.

“ಆ ಗಂಟಿ ಮೊದ್ಲ ಬಂದ್ ಮಾಡ್ರಿ. ಮಂದಿ ಕೆಲಸ ಬಿಟ್ಟು ಓಡಾಕತ್ತಾರ.”

“ತಂತಿ ನೆಲದಾಗ ಹುಗಿಸಿ ಕೊಡ್ರಿ, ತಾನ ನಿಲ್ಲತೈತಿ,” ಎಂದಳು ಗೆಳತಿ.

“ಸುಗ್ಗಿ ಮುಗೀಲಿ, ಆಮ್ಯಾಲ ನೋಡೂಣಂತ. ಈಗ ಬಂದ್ ಮಾಡ್ತೀರೋ, ಇಡೀ ಪೆಟಗೀನ ಕಿತ್ತು ಒಗೀಲೋ?”

ಪೆಟ್ಟಿಗೆಯೇ ಇಲ್ಲದಿರುವುದಕ್ಕಿಂತ ಗ್ಯಾಸು ಸೋರಿದಾಗಲಾದರೂ ಗಂಟೆ ಹೊಡೆಯುವುದು ಮೇಲು ಎಂದು ಅವಳು ಒಪ್ಪಿದಳು. ಐದು ಸೆಕೆಂಡು ಇದ್ದಲ್ಲಿ ಸೊನ್ನೆ ಬರೆದಳು. ಆ ಲೈಬ್ರರಿಯಲ್ಲಿ ಸೊನ್ನೆ ಎಂದರೆ ಕಾಯುವುದೇ ಇಲ್ಲ ಎಂದಲ್ಲ, ಕೊನೆಯೇ ಇಲ್ಲದೆ ಕಾಯುವುದು. ಹೊರಡುವಾಗ ಚಾಚಾನನ್ನು ಹುಡುಕಿ, “ಇನ್ನ ಮ್ಯಾಲ ಪರದೆ ನಂಬಬ್ಯಾಡ್ರಿ ಚಾಚಾ. ಆ ಕಡಿ ಸತ್ರೂ ಇದು ಹಳೇದನ್ನ ತೋರಸ್ತೈತಿ,” ಎಂದಳು. ಅವರು ಹೂಂ ಎಂದರು. ಪಕ್ಕದಲ್ಲಿ ಯಂತ್ರ ಗದ್ದಲ ಮಾಡುತ್ತಿತ್ತು. ಎಷ್ಟು ಕೇಳಿಸಿತೋ.

ಸುಗ್ಗಿ ಮುಗಿಯುವ ಮೊದಲೇ, ಒಂದು ಮಧ್ಯಾಹ್ನ, ಯಂತ್ರದ ಕೋಣೆಯ ವೈರಿಂಗ್ ಸುಟ್ಟು ಅಲ್ಲಿದ್ದ ಕಂಪ್ಯೂಟರ್ ನಿಂತುಹೋಯಿತು. ಅದರ ಹಿಂದೆಯೇ ಪೈಪಿನ ವಾಲ್ವ್ ಬಿಟ್ಟುಕೊಂಡಿತು. ಆಫೀಸಿನ ಕಂಪ್ಯೂಟರ್ ಮಾತ್ರ ಬಾರದ ಸುದ್ದಿಗಾಗಿ ಕಾಯುತ್ತ, “ಗ್ಯಾಸ್ ಇಲ್ಲ” ಎಂಬ ಕೊನೆಯ ಸುದ್ದಿಯನ್ನೇ ಹಸಿರು ಅಕ್ಷರದಲ್ಲಿ ತೋರಿಸುತ್ತ ಇತ್ತು. ಊಟ ಮುಗಿಸಿ ಬಂದ ಚಾಚಾ ಆಫೀಸಿನಲ್ಲಿ ನಿಂತು ಪರದೆ ನೋಡಿದರಂತೆ. ಅಂಗಳ ದಾಟಿ ಹೋಗಿ ಕೋಣೆಯ ಬಾಗಿಲು ತೆಗೆದರಂತೆ.

ಅವರನ್ನು ಹುಬ್ಬಳ್ಳಿಗೆ ಒಯ್ದರು. ನಾವು ಹೋದಾಗ ಕಣ್ಣಿಗೆ ಪಟ್ಟಿ ಕಟ್ಟಿತ್ತು. ಗೆಳತಿ ಮಂಚದ ಪಕ್ಕ ನಿಂತಳು. ಚಾಚಾ ಮನೆಗೆ ಮರಳಲಿಲ್ಲ.

ಅವರ ಹೆಂಡತಿ ಹಾವೇರಿ ಕೋರ್ಟಿನಲ್ಲಿ ದಾವೆ ಹೂಡಿದರು. ಗೆಳತಿಯನ್ನು ಸಾಕ್ಷಿಗೆ ಕರೆದರು. ಸಾವ್ಕಾರನ ವಕೀಲ ಎದ್ದು ನಿಂತು ಕೇಳಿದ:

“ಸೊನ್ನಿ ಬರದಾಕಿ ನೀವ ಹೌದಲ್ರಿ?”

“ನಾನ ರಿ.”

“ಮತ್ತ ಸಾವ್ಕಾರ್ರದೇನು ತಪ್ಪು?”

“ಅವ್ರು ಗಂಟಿ ಬಂದ್ ಮಾಡ್ರಿ ಅಂದ್ರು, ನಾ ಮಾಡಿದೆ. ತಂತಿ ಹುಗಸ್ರಿ ಅಂತ ನಾ ಅಂದೆ, ಅವ್ರು ಮಾಡ್ಲಿಲ್ಲ. ಎರಡೂ ಖರೇ ಐತಿ. ಎರಡೂ ಬರಕೋರಿ.”

ಕೋರ್ಟಿನಲ್ಲಿ ಗುಸುಗುಸು ಎದ್ದಿತು. ಅವಳು ಕಟಕಟೆಯ ಕಟ್ಟಿಗೆಯನ್ನು ಹಿಡಿದುಕೊಂಡೇ ಇದ್ದಳು. ತೀರ್ಪು ಚಾಚಾನ ಹೆಂಡತಿಯ ಕಡೆಗೆ ಆಯಿತು.

ಆಮೇಲೆ ಅವಳು ಬ್ಯಾಡಗಿಯ ಆ ಮನೆಗೆ ಹೋಗಿಬರುವುದನ್ನು ರೂಢಿ ಮಾಡಿಕೊಂಡಳು. ಒಮ್ಮೆ ನಾನೂ ಜೊತೆಗಿದ್ದೆ. ಚಾಚಿ ಚಹಾ ಕೊಟ್ಟರು. ನಾವು ಕುಡಿದು ಮುಗಿಸುವ ತನಕ ಗೋಡೆಗೆ ಒರಗಿ ಕೂತಿದ್ದು, ಆಮೇಲೆ ಗೆಳತಿಯ ಕೈ ಹಿಡಿದರು.

“ಬೇಟಿ, ಕೋರ್ಟಿನ್ಯಾಗ ನೀ ಖರೇ ಹೇಳೀದಿ. ನಿನ್ನ ಮ್ಯಾಲ ಸಿಟ್ಟಿಲ್ಲ. ಆದ್ರ ನಿನ್ನ ಮಾರಿ ನೋಡಿದ್ರ ನನಗ ಆವತ್ತು ರಾತ್ರಿ ನಿದ್ದಿ ಬರೂದಿಲ್ಲ. ಇನ್ನ ಬರಬ್ಯಾಡವಾ.”

ಬಸ್ಸಿನಲ್ಲಿ ಅವಳು ಅಳಲಿಲ್ಲ. ರಾಣೆಬೆನ್ನೂರು ಬಂದಾಗ ನಾನು ಇಳಿದೆ, ಅವಳು ಏಳಲಿಲ್ಲ. “ಮುಂದ ಹೋಗ್ತೇನಿ, ಅಕ್ಕನ ಮನೀಗೆ,” ಎಂದಳು. ಅಕ್ಕ ದಾವಣಗೆರೆಯಲ್ಲಿದ್ದಳು. ಕೆಲವು ವಾರಗಳ ಮೇಲೆ ಅವಳ ಅಣ್ಣ ಬಂದು ಅವಳ ಪುಸ್ತಕಗಳನ್ನೂ ಕುರ್ಚಿಯನ್ನೂ ತೆಗೆದುಕೊಂಡು ಹೋದ. ಕಂಪ್ಯೂಟರ್ ನಿನಗೇ ಇರಲಿ ಎಂದು ಹೇಳಿ ಕಳಿಸಿದ್ದಳು.